ಪಾತ್ರದ ಪ್ರೀತಿಯನ್ನು ತಿದ್ದುವವರು ಯಾರು?

೧೯೪೪ರಲ್ಲಿ ಕುವೆಂಪು 'ಶೂದ್ರ ತಪಸ್ವಿ' ನಾಟಕ ಪ್ರಕಟಿಸಿದಾಗ ಎದ್ದ ವಿವಾದ ನಮ್ಮ ಓದುಗರಿಗೆ ಗೊತ್ತಿರುವಂಥದೇ. ರಾಮಾಯಣದಲ್ಲಿ ರಾಮ ಶಂಬೂಕನನ್ನು ಕೊಲ್ಲುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಕೊಲ್ಲದೆ, ದೂರು ತಂದ ಬ್ರಾಹ್ಮಣನತ್ತಲೇ ತಿರುಗುತ್ತದೆ. ಮಾಸ್ತಿಯವರಂಥ ಹಿರಿಯರು ಇದನ್ನು ಒಪ್ಪಲಿಲ್ಲ. ಹಿಂದಿನವರಿಂದ ಬಂದ ಕಥೆಯನ್ನು ಹೀಗೆ ತಿರುಗಿಸುವುದು ಸರಿಯಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಕುವೆಂಪು ಹಿಂದೆ ಸರಿಯಲಿಲ್ಲ. ೧೯೪೭ರಲ್ಲಿ 'ಬೆರಳ್‌ಗೆ ಕೊರಳ್' ಬರೆದು ಏಕಲವ್ಯನ ಕಥೆಯನ್ನೂ ಬೇರೆ ದಿಕ್ಕಿಗೆ ತಿರುಗಿಸಿದರು.

ಆಗ ಎದ್ದ ಪ್ರಶ್ನೆ ಸಾಯಲಿಲ್ಲ. ಎಲ್ಲರಿಗೂ ಗೊತ್ತಿರುವ ಪಾತ್ರವೊಂದನ್ನು ಬದಲಾಯಿಸುವ ಹಕ್ಕು ಯಾರದು? ಮೊದಲು ಬರೆದವನದೋ, ಹಣ ಹಾಕಿದವನದೋ, ಓದಿದವರದೋ? ಈ ಪ್ರಶ್ನೆಯನ್ನು ಇಂದು ಜಗತ್ತಿನ ಹಲವು ಕಡೆ ಹುಡುಗ ಹುಡುಗಿಯರು ಪಾತ್ರಗಳ ಪ್ರೀತಿಯ ವಿಷಯದಲ್ಲಿ ಕೇಳುತ್ತಿದ್ದಾರೆ. ಸಿನಿಮಾದ ನಾಯಕ ನಾಯಕಿಯನ್ನೇ ಪ್ರೀತಿಸಬೇಕೆ? ಅವನು ತನ್ನ ಗೆಳೆಯನನ್ನು ಪ್ರೀತಿಸಿದ ಎಂದು ನಾವು ಬರೆದರೆ, ಆಡಿದರೆ, ಏನು ಮುಳುಗುತ್ತದೆ? ಇದಕ್ಕೆ ಬರುವ ಉತ್ತರವೂ ಹಳೆಯದೇ: "ಪಾತ್ರವನ್ನು ಕೆಡಿಸಬೇಡಿ."

ಇದೆಲ್ಲ ನಮಗ್ಯಾಕಪ್ಪಾ, ನಮ್ಮ ಹೊಟ್ಟೆಪಾಡಿನ ಹೋರಾಟಗಳೇ ಸಾಕಷ್ಟಿವೆಯಲ್ಲ ಅಂತ ಕೇಳುವ ಗೆಳೆಯರಿದ್ದಾರೆ. ಕಥೆಯೊಳಗೆ ಜಾಗ ಸಿಗದವನಿಗೆ ಊರೊಳಗೂ ಜಾಗ ಸಿಗುವುದಿಲ್ಲ ಎಂಬುದನ್ನು ಶಂಬೂಕನಿಂದ ಕಲಿತವರು ನಾವು. ಹಾಗಾಗಿ ಈ ಚರಿತ್ರೆಯನ್ನು ಸ್ವಲ್ಪ ತಾಳ್ಮೆಯಿಂದ ನೋಡೋಣ.

ಮೊದಲು ಈ ಆಟ ಏನೆಂದು ಹೇಳಬೇಕು. ನಮ್ಮ ಕರಾವಳಿಯ ತಾಳಮದ್ದಳೆಯನ್ನು ನೆನೆಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿ ಕೂತಲ್ಲೇ ಕರ್ಣನಾಗಿ, ಕೃಷ್ಣನಾಗಿ, ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದಿಸುತ್ತಾನೆ. ಪದ್ಯ ಒಂದೇ ಆದರೂ ಇವತ್ತಿನ ಕರ್ಣ ನಿನ್ನೆಯ ಕರ್ಣನಲ್ಲ. ಅರ್ಥ ಹೇಳುವವನ ಬದುಕು, ಓದು, ಸಿಟ್ಟು ಎಲ್ಲವೂ ಪಾತ್ರದೊಳಕ್ಕೆ ಇಳಿದಿರುತ್ತದೆ. ಅಭಿಮಾನಿಗಳ ಪಾತ್ರಾಟವೂ ಸುಮಾರಾಗಿ ಇದೇ. ಒಂದು ಸಿನಿಮಾ, ಟೀವಿ ಧಾರಾವಾಹಿ ಅಥವಾ ಕಾದಂಬರಿಯ ಪಾತ್ರವನ್ನು ಒಬ್ಬರು ವಹಿಸಿಕೊಳ್ಳುತ್ತಾರೆ, ಇನ್ನೊಂದನ್ನು ಮತ್ತೊಬ್ಬರು. ಒಬ್ಬರು ಒಂದು ಮಾತು ಬರೆದರೆ ಇನ್ನೊಬ್ಬರು ಅದಕ್ಕೆ ಉತ್ತರ ಬರೆಯುತ್ತಾರೆ. ಹೀಗೆ ಕಥೆ ಬೆಳೆಯುತ್ತದೆ. ಇಲ್ಲಿ ಭಾಗವತರೂ ಇಲ್ಲ, ಮುಂದೇನಾಗಬೇಕೆಂಬ ಪದ್ಯವೂ ಇಲ್ಲ. ಆಟದ ನಡುವೆ ಒಬ್ಬ ಆಟಗಾರ, "ನನ್ನ ಕೈಯಲ್ಲಿರುವ ಈ ನಾಯಕ ಗಂಡಸನ್ನು ಪ್ರೀತಿಸುತ್ತಾನೆ" ಅನ್ನುತ್ತಾನೆ. ಕೂಡಲೇ ತಕರಾರು ಏಳುತ್ತದೆ: "ಮೂಲದಲ್ಲಿ ಹಾಗಿಲ್ಲ!"

ಈ ಮೂಲ ಎಂಬುದನ್ನೇ ಸ್ವಲ್ಪ ಕೆದಕಿ ನೋಡೋಣ.

ಗ್ರೀಕರ 'ಇಲಿಯಡ್' ಕಾವ್ಯದ ವೀರ ಅಕಿಲೀಸ್. ಅವನ ಪ್ರಾಣದ ಗೆಳೆಯ ಪೆಟ್ರೋಕ್ಲಸ್. ಗೆಳೆಯ ಯುದ್ಧದಲ್ಲಿ ಸತ್ತಾಗ ಅಕಿಲೀಸ್ ಮಣ್ಣಿನಲ್ಲಿ ಹೊರಳಿ ಅಳುತ್ತಾನೆ. ಇಬ್ಬರ ಮೂಳೆಗಳೂ ಒಂದೇ ಪಾತ್ರೆಯಲ್ಲಿರಲಿ ಎಂದು ಸತ್ತವನ ಪ್ರೇತ ಬಂದು ಕೇಳಿಕೊಳ್ಳುತ್ತದೆ. ಇದು ಎಂಥ ಸಂಬಂಧ ಎಂದು ಹೋಮರ್ ಹೆಸರಿಟ್ಟು ಹೇಳಲಿಲ್ಲ. ಆಮೇಲೆ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ನಾಟಕಕಾರ ಈಸ್ಕಿಲಸ್ ತನ್ನ 'ಮಿರ್ಮಿಡಾನ್ಸ್' ನಾಟಕದಲ್ಲಿ ಇಬ್ಬರನ್ನೂ ಪ್ರೇಮಿಗಳೆಂದೇ ತೋರಿಸಿದ. ಆ ನಾಟಕದ ತುಣುಕುಗಳಷ್ಟೇ ಈಗ ಉಳಿದಿವೆ. ಪ್ಲೇಟೋನ 'ಸಿಂಪೋಸಿಯಂ'ನಲ್ಲಿ ಫೀಡ್ರಸ್ ಎಂಬವನು ಈಸ್ಕಿಲಸ್‌ನ ಮೇಲೆ ಜಗಳ ತೆಗೆಯುತ್ತಾನೆ. ಅವರು ಪ್ರೇಮಿಗಳೆಂಬುದಕ್ಕೆ ಅವನ ತಕರಾರಿಲ್ಲ. ಪೆಟ್ರೋಕ್ಲಸ್ ವಯಸ್ಸಿನಲ್ಲಿ ದೊಡ್ಡವನು, ಆದ್ದರಿಂದ ಪ್ರೀತಿಸಿದವನು ಅವನು, ಪ್ರೀತಿಸಿಕೊಂಡವನು ಅಕಿಲೀಸ್. ಈಸ್ಕಿಲಸ್ ಅದನ್ನು ತಿರುವುಮುರುವು ಮಾಡಿದ ಎಂಬುದು ಅವನ ದೂರು! ಕ್ರಿಸ್ತಪೂರ್ವ ೩೪೫ರಲ್ಲಿ ಈಸ್ಕಿನೀಸ್ ಎಂಬ ಭಾಷಣಕಾರ ಅಥೆನ್ಸಿನ ನ್ಯಾಯಸಭೆಯಲ್ಲಿ ನಿಂತು, ಹೋಮರ್ ಅದನ್ನು ಬಾಯಿಬಿಟ್ಟು ಹೇಳದಿದ್ದರೂ ತಿಳಿದವರಿಗೆ ಅರ್ಥವಾಗುತ್ತದೆ ಎಂದು ವಾದಿಸಿದ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಓದುಗರು ಪಾತ್ರಗಳ ಪ್ರೀತಿಯ ಬಗ್ಗೆ ಹೀಗೆ ಕಿತ್ತಾಡಿದ್ದಾರೆ.

ಹಾಗಂತ ಆ ಗ್ರೀಸ್ ನಮಗೆ ಸ್ವರ್ಗವೇನೂ ಅಲ್ಲ. ಆ ಪ್ರೀತಿಯ ಹಕ್ಕು ಸ್ವತಂತ್ರ ಗಂಡಸರಿಗೆ ಮಾತ್ರ ಇತ್ತು. ಅದೇ ಕಾವ್ಯದಲ್ಲಿ ಬ್ರೈಸೀಸ್ ಎಂಬ ಹೆಣ್ಣು ಯುದ್ಧದ ಲೂಟಿಯಾಗಿ ಕೈಯಿಂದ ಕೈಗೆ ಹೋಗುತ್ತಾಳೆ. ಅವಳು ಯಾರನ್ನು ಪ್ರೀತಿಸಿದಳು ಎಂದು ಯಾವ ಸಭೆಯಲ್ಲೂ ಚರ್ಚೆಯಾಗಲಿಲ್ಲ. ಇದನ್ನು ಮರೆತು ನಾವು ಗ್ರೀಸನ್ನು ಹೊಗಳಲಾರೆವು.

ಈಗ ೨೦೦೪ಕ್ಕೆ ಬನ್ನಿ. ಹಾಲಿವುಡ್ 'ಟ್ರಾಯ್' ಎಂಬ ಭಾರೀ ಚಿತ್ರ ತೆಗೆಯಿತು. ಅದರಲ್ಲಿ ಪೆಟ್ರೋಕ್ಲಸ್ ಅಕಿಲೀಸನ ಚಿಕ್ಕ ವಯಸ್ಸಿನ ದಾಯಾದಿ ತಮ್ಮ! ಇಬ್ಬರ ನಡುವೆ ದೂರದ ನೆಂಟಸ್ತನ ಹೇಳುವ ಹಳೆಯ ವಂಶಾವಳಿಗಳು ಇಲ್ಲದಿಲ್ಲ. ಆದರೆ ಚಿತ್ರದಲ್ಲಿ ಆ ನೆಂಟಸ್ತನವೇ ಎಲ್ಲವೂ ಆಗಿ, ಪ್ರೀತಿಗೆ ಜಾಗವೇ ಉಳಿಯಲಿಲ್ಲ. ಪಾತ್ರದ ಲೈಂಗಿಕತೆಯನ್ನು ಬದಲಾಯಿಸಿದವರು ಇಲ್ಲಿ ಯಾರು? ಕೋಟಿಗಟ್ಟಲೆ ಡಾಲರ್ ಹಾಕಿದ ಕಂಪನಿ. ಅದನ್ನು ಯಾರೂ ವಿಕೃತಿ ಎನ್ನಲಿಲ್ಲ, 'ಚಿತ್ರಕಥೆ' ಎಂದರು.

ಇಲ್ಲಿಂದ ನಮ್ಮ ಮಾತು ಸ್ಪಷ್ಟವಾಗುತ್ತದೆ. ಪಾತ್ರಗಳ ಪ್ರೀತಿಯನ್ನು ತಿದ್ದುವ ಕೆಲಸ ಅಭಿಮಾನಿ ಹುಡುಗಿಯರಿಂದ ಶುರುವಾದದ್ದಲ್ಲ. ಅದನ್ನು ಬಹಳ ಕಾಲದಿಂದ, ಬಹಳ ಅಚ್ಚುಕಟ್ಟಾಗಿ, ಸದ್ದಿಲ್ಲದೆ ಮಾಡಿಕೊಂಡು ಬಂದವರು ಕಥೆಯ ಕಾವಲುಗಾರರೇ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು.

ಸಾಕ್ಷಿಗಳು ಬೇಕಾದಷ್ಟಿವೆ. ಇಟಲಿಯ ಮಹಾ ಶಿಲ್ಪಿ ಮೈಕೆಲೆಂಜೆಲೊ ಕವಿಯೂ ಹೌದು. ಒಬ್ಬ ತರುಣನನ್ನು ಕುರಿತು ಅವನು ಪ್ರೇಮ ಕವಿತೆಗಳನ್ನು ಬರೆದಿದ್ದ. ೧೬೨೩ರಲ್ಲಿ ಅವನ ತಮ್ಮನ ಮೊಮ್ಮಗ ಆ ಕವಿತೆಗಳನ್ನು ಅಚ್ಚು ಹಾಕಿಸುವಾಗ 'ಅವನು' ಎಂದಿದ್ದ ಕಡೆ 'ಅವಳು' ಎಂದು ತಿದ್ದಿಬಿಟ್ಟ. ಮೂಲ ಪಾಠ ಅಚ್ಚಿನಲ್ಲಿ ಬಂದದ್ದು ೧೮೬೩ರಲ್ಲಿ. ಇನ್ನೂರ ನಲವತ್ತು ವರ್ಷ ಇಟಲಿಯ ಜನ ಓದಿದ್ದು ಮನೆತನದ ಮರ್ಯಾದೆಗೆಂದು ತಿದ್ದಿದ ಕವಿತೆಗಳನ್ನು. ತಿದ್ದಿದವನನ್ನು ಅಷ್ಟೂ ಕಾಲ 'ಸಂಪಾದಕ' ಎಂದೇ ಕರೆದರು.

ಅಮೆರಿಕದ ಸಿನಿಮಾಕ್ಕೆ ಬಂದರೆ, ೧೯೩೪ರಿಂದ ಅಲ್ಲಿನ ನಿರ್ಮಾಪಕರು ತಾವೇ ಮಾಡಿಕೊಂಡ ನೀತಿಸಂಹಿತೆಯೊಂದು ಕಟ್ಟುನಿಟ್ಟಾಗಿ ಜಾರಿಗೆ ಬಂತು. ಸಲಿಂಗಪ್ರೇಮವನ್ನು ಸೂಚಿಸುವಂತೆಯೂ ಇರಲಿಲ್ಲ. ಅದೇ ವರ್ಷ ಲಿಲಿಯನ್ ಹೆಲ್ಮನ್ 'ದಿ ಚಿಲ್ಡ್ರನ್ಸ್ ಅವರ್' ಎಂಬ ನಾಟಕ ಬರೆದಿದ್ದಳು. ಇಬ್ಬರು ಶಾಲಾ ಶಿಕ್ಷಕಿಯರ ನಡುವೆ ಪ್ರೇಮವಿದೆ ಎಂದು ಒಬ್ಬ ವಿದ್ಯಾರ್ಥಿನಿ ಚಾಡಿ ಹೇಳುತ್ತಾಳೆ. ಅವರ ಶಾಲೆಯೂ ಬದುಕೂ ನಾಶವಾಗುತ್ತವೆ. ೧೯೩೬ರಲ್ಲಿ ವಿಲಿಯಂ ವೈಲರ್ ಇದನ್ನು 'ದೀಸ್ ತ್ರೀ' ಎಂಬ ಚಿತ್ರ ಮಾಡಿದಾಗ ಚಾಡಿಯೇ ಬದಲಾಯಿತು: ಒಬ್ಬ ಶಿಕ್ಷಕಿಗೆ ಇನ್ನೊಬ್ಬಳ ಭಾವಿ ಗಂಡನ ಮೇಲೆ ಕಣ್ಣು ಎಂದಾಯಿತು. ಸಂಹಿತೆಯನ್ನು ಸ್ವಲ್ಪ ಸಡಿಲಿಸಿದ ೧೯೬೧ರಲ್ಲಿ ಅದೇ ವೈಲರ್ ಅದೇ ನಾಟಕವನ್ನು ಮತ್ತೆ ಚಿತ್ರ ಮಾಡಿದ. ಈ ಸಲ ಪ್ರೇಮ ವಾಪಸು ಬಂತು. ತನ್ನ ಮನಸ್ಸನ್ನು ಬಾಯಿಬಿಟ್ಟು ಹೇಳಿಕೊಂಡ ಹೆಣ್ಣು ಕೊನೆಗೆ ನೇಣು ಹಾಕಿಕೊಳ್ಳುತ್ತಾಳೆ. ಮೂಲ ನಾಟಕದಲ್ಲೂ ಅವಳಿಗೆ ಸಾವೇ. ಅಂದರೆ ಇಂಥವರಿಗೆ ಕಥೆಯಲ್ಲಿ ಎರಡೇ ದಾರಿ: ಒಂದೋ ಇಲ್ಲವಾಗಬೇಕು, ಇಲ್ಲವೇ ಸಾಯಬೇಕು. ನಮ್ಮ ಕಥೆಗಳಲ್ಲಿ ಹೊಲೆಯರು ಮಾದಿಗರು ಯಾವ ಪಾತ್ರಗಳಾಗಿ ಬರುತ್ತಿದ್ದರು ಎಂಬುದನ್ನು ನೆನೆದರೆ ಈ ಲೆಕ್ಕ ತಟ್ಟನೆ ಅರ್ಥವಾಗುತ್ತದೆ.

೧೯೪೭ರ 'ಕ್ರಾಸ್‌ಫೈರ್' ಚಿತ್ರದ ಮಾತು ಇನ್ನೂ ವಿಚಿತ್ರ. ರಿಚರ್ಡ್ ಬ್ರೂಕ್ಸ್‌ನ ಮೂಲ ಕಾದಂಬರಿಯಲ್ಲಿ ದ್ವೇಷಕ್ಕೆ ಬಲಿಯಾದವನು ಒಬ್ಬ ಸಲಿಂಗಪ್ರೇಮಿ. ಚಿತ್ರದಲ್ಲಿ ಅವನನ್ನು ಯಹೂದಿ ಮಾಡಿದರು. ಯಹೂದಿ ದ್ವೇಷದ ವಿರುದ್ಧ ಚಿತ್ರ ಬಂದದ್ದು ಒಳ್ಳೆಯದೇ. ಆದರೆ ಒಬ್ಬ ತುಳಿತಕ್ಕೊಳಗಾದವನನ್ನು ಅಳಿಸಿ ಅವನ ಜಾಗದಲ್ಲಿ ಇನ್ನೊಬ್ಬ ತುಳಿತಕ್ಕೊಳಗಾದವನನ್ನು ನಿಲ್ಲಿಸುವುದು ಎಂಥ ನ್ಯಾಯ?

ಜಪಾನಿನ ಹುಡುಗಿಯರ ಚಿತ್ರಕಥೆ 'ಸೈಲರ್ ಮೂನ್'. ನವೋಕೊ ತಾಕೆಯುಚಿ ಬರೆದ ಈ ಕಥೆಯಲ್ಲಿ ಹರುಕಾ, ಮಿಚಿರು ಎಂಬ ಇಬ್ಬರು ಹೆಣ್ಣುಗಳು ಪ್ರೇಮಿಗಳು. ೨೦೦೦ದಲ್ಲಿ ಇದರ ಕಾರ್ಟೂನು ಇಂಗ್ಲಿಷಿಗೆ ಬಂದಾಗ ಅವರನ್ನು ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಂತೆ ನೆಂಟರನ್ನಾಗಿ ಮಾಡಿದರು! ಅದಕ್ಕೂ ಮುಂಚೆ, ೧೯೯೫ರಲ್ಲಿ, ಗಂಡಸನ್ನು ಪ್ರೀತಿಸುವ ಝೋಯ್‌ಸೈಟ್ ಎಂಬ ಗಂಡು ಪಾತ್ರವನ್ನು ಇಂಗ್ಲಿಷಿನಲ್ಲಿ ಹೆಣ್ಣು ಮಾಡಿದ್ದರು. ಮೂಲದಂತೆ ಹೇಳುವ ಇಂಗ್ಲಿಷ್ ಡಬ್ಬಿಂಗ್ ಬರಲು ೨೦೧೪ರವರೆಗೆ ಕಾಯಬೇಕಾಯಿತು. ಟ್ರಾಯ್ ಯುದ್ಧದ ವೀರರಿಗೂ ನೆಂಟಸ್ತನ, ಟೋಕಿಯೋದ ಹುಡುಗಿಯರಿಗೂ ನೆಂಟಸ್ತನ. ಪ್ರೀತಿಯನ್ನು ಮುಚ್ಚಿಡಲು ಕಾವಲುಗಾರರ ಹತ್ತಿರ ಇರುವುದು ಒಂದೇ ಕಂಬಳಿ.

ನಮ್ಮ ದೇಶವೇನೂ ಹಿಂದೆ ಬೀಳಲಿಲ್ಲ. ದೀಪಾ ಮೆಹ್ತಾ ೧೯೯೬ರಲ್ಲಿ 'ಫೈರ್' ಚಿತ್ರ ತೆಗೆದರು. ದೆಹಲಿಯ ಮಧ್ಯಮವರ್ಗದ ಒಂದೇ ಮನೆಯ ಇಬ್ಬರು ಸೊಸೆಯರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆ ಅದು. ಅವರ ಹೆಸರು ರಾಧಾ ಮತ್ತು ಸೀತಾ. ಸೆನ್ಸಾರ್ ಮಂಡಳಿ ಚಿತ್ರವನ್ನು ಬಿಟ್ಟರೂ ಹಿಂದಿ ಆವೃತ್ತಿಯಲ್ಲಿ 'ಸೀತಾ' ಎಂಬ ಹೆಸರು 'ನೀತಾ' ಆಗಬೇಕಾಯಿತು. ೧೯೯೮ರ ಡಿಸೆಂಬರಿನಲ್ಲಿ ಮುಂಬಯಿ, ದೆಹಲಿಯ ಚಿತ್ರಮಂದಿರಗಳಿಗೆ ಶಿವಸೇನೆಯವರು ನುಗ್ಗಿ ಗಾಜು ಒಡೆದರು, ಪೋಸ್ಟರ್ ಸುಟ್ಟರು. ನಿಜವಾದ ಸಿಟ್ಟು ಎಲ್ಲಿತ್ತು ನೋಡಿ. ಆ ಹೆಸರುಗಳು ತಮ್ಮ ಕಾವಲಿನಲ್ಲಿವೆ ಎಂದು ಅವರು ನಂಬಿದ್ದರು. ಆದರೆ ಅದೇ ರಾಮಾಯಣ ಪರಂಪರೆಯಲ್ಲಿ ಬಂಗಾಳದ ಕೃತ್ತಿವಾಸ ರಾಮಾಯಣವೂ ಇದೆ. ದಿಲೀಪ ರಾಜ ಸತ್ತ ಮೇಲೆ ಅವನ ಇಬ್ಬರು ವಿಧವೆಯರ ಕೂಡುವಿಕೆಯಿಂದ ಭಗೀರಥ ಹುಟ್ಟಿದ ಎಂದು ಅದು ಹೇಳುತ್ತದೆ. ವಾಲ್ಮೀಕಿಯಲ್ಲಿ ಹೀಗಿಲ್ಲ. ಕೃತ್ತಿವಾಸದಲ್ಲಿ ಇದನ್ನು ಸೇರಿಸಿದವರ ಮೇಲೆ ಯಾರಾದರೂ ಕಲ್ಲು ಹೊಡೆದರೇ? ಬಂಗಾಳದ ಮನೆಮನೆಯಲ್ಲಿ ಭಕ್ತಿಯಿಂದ ಓದುತ್ತ ಬಂದ ಗ್ರಂಥ ಅದು.

ಇನ್ನು ಅಭಿಮಾನಿಗಳ ಕಡೆ ಹೋಗೋಣ.

೧೯೬೬ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೀವಿಯಲ್ಲಿ 'ಸ್ಟಾರ್ ಟ್ರೆಕ್' ಎಂಬ ಧಾರಾವಾಹಿ ಶುರುವಾಯಿತು. ಮುಂದಿನ ಶತಮಾನಗಳಲ್ಲಿ ನಕ್ಷತ್ರಗಳ ನಡುವೆ ಓಡಾಡುವ ಒಂದು ಹಡಗು. ಅದರ ಕ್ಯಾಪ್ಟನ್ ಕರ್ಕ್. ಅವನ ಜೊತೆಗಾರ ಸ್ಪಾಕ್. ಸ್ಪಾಕ್ ಅರ್ಧ ಮನುಷ್ಯ, ಅರ್ಧ ಬೇರೆ ಗ್ರಹದವನು; ಭಾವನೆಗಳನ್ನು ಅದುಮಿಟ್ಟುಕೊಂಡು ಬದುಕುವವನು. ಎರಡನೆಯ ವರ್ಷದ ಕೊನೆಗೆ ಧಾರಾವಾಹಿ ನಿಲ್ಲುವ ಹಾಗಿದ್ದಾಗ ಅಭಿಮಾನಿಗಳು ಪತ್ರಗಳ ಮಳೆ ಸುರಿಸಿ ಇನ್ನೊಂದು ವರ್ಷ ಉಳಿಸಿಕೊಂಡರು. ಕಂಪನಿಗೆ ಆಗ ಅಭಿಮಾನಿಗಳು ಸಿಹಿ. ೧೯೬೯ರಲ್ಲಿ ೭೯ ಕಂತುಗಳಿಗೆ ಅದು ನಿಂತಿತು. ಆದರೆ ೧೯೬೭ರಲ್ಲೇ 'ಸ್ಪಾಕನೇಲಿಯಾ' ಎಂಬ ಅಭಿಮಾನಿ ಪತ್ರಿಕೆ ಹುಟ್ಟಿತ್ತು. ಅದರ ಬೆನ್ನಿಗೆ ಹತ್ತಾರು ಬಂದವು. ಮನೆಯಲ್ಲೇ ಟೈಪು ಮಾಡಿ, ಸ್ಟೆನ್ಸಿಲ್ ಕತ್ತರಿಸಿ, ಕೈಯಿಂದ ಉರುಳೆ ತಿರುಗಿಸಿ, ಅಂಚೆಯಲ್ಲಿ ಕಳಿಸುತ್ತಿದ್ದ ಪತ್ರಿಕೆಗಳು. ಸೈಕ್ಲೋಸ್ಟೈಲ್ ಮಸಿ ಕೈಗೆ ಹತ್ತಿದ ಅನುಭವವಿರುವ ನಮ್ಮ ಹಿರಿಯ ಗೆಳೆಯರಿಗೆ ಆ ಶ್ರಮವನ್ನು ಬಿಡಿಸಿ ಹೇಳಬೇಕಿಲ್ಲ. ಇವನ್ನು ಬರೆದು ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು.

೧೯೭೪ರಲ್ಲಿ 'ಗ್ರಪ್' ಎಂಬ ಅಂಥ ಪತ್ರಿಕೆಯ ಮೂರನೆಯ ಸಂಚಿಕೆಯಲ್ಲಿ ಒಂದು ಪುಟ್ಟ ಕಥೆ ಬಂತು. ಇಬ್ಬರ ಪ್ರೇಮದ ಕ್ಷಣವೊಂದು. ಹೆಸರುಗಳೇ ಇಲ್ಲ! ಅವರು ಕರ್ಕ್ ಮತ್ತು ಸ್ಪಾಕ್ ಎಂದು ಓದುಗರೇ ತಿಳಿದುಕೊಳ್ಳಬೇಕು. ಬರೆದ ಮಹಿಳೆಗೆ ಹೆಸರು ಹೇಳುವ ಧೈರ್ಯವಿರಲಿಲ್ಲವೋ, ಹೇಳುವ ಅಗತ್ಯ ಕಾಣಲಿಲ್ಲವೋ, ಅಂತೂ ಬಾಗಿಲು ತೆರೆಯಿತು. ಮುಂದೆ ಇಂಥ ಕಥೆಗಳೇ ಒಂದು ಪಂಥವಾಗಿ ಬೆಳೆದವು. ಇಬ್ಬರ ಹೆಸರಿನ ಮೊದಲಕ್ಷರಗಳ ನಡುವೆ ಒಂದು ಓರೆಗೆರೆ ಎಳೆದು ಸೂಚಿಸುತ್ತಿದ್ದರು. ಆ ಓರೆಗೆರೆಯ ಇಂಗ್ಲಿಷ್ ಹೆಸರಿನಿಂದಲೇ ಈ ಬರವಣಿಗೆಗೆ 'ಸ್ಲ್ಯಾಶ್' ಎಂಬ ಹೆಸರು ಬಿತ್ತು.

ಇವರು ಶೂನ್ಯದಿಂದ ಕಥೆ ಕಟ್ಟಿದರೆ? ಇಲ್ಲ. ೧೯೬೭ರ 'ಅಮೋಕ್ ಟೈಮ್' ಎಂಬ ಕಂತಿನಲ್ಲಿ ಸ್ಪಾಕನ ಕುಲದವರಿಗೆ ಕಾಲಕಾಲಕ್ಕೆ ಕಾಮದ ಉನ್ಮಾದ ಬರುತ್ತದೆ, ಆಗ ಸಂಗಾತಿ ಸಿಗದಿದ್ದರೆ ಪ್ರಾಣವೇ ಹೋಗುತ್ತದೆ ಎಂದು ತೋರಿಸಿದ್ದರು. ಅದೇ ಕಂತಿನ ಕೊನೆಗೆ ತಾನು ಕೊಂದೆನೆಂದುಕೊಂಡಿದ್ದ ಕರ್ಕ್ ಬದುಕಿರುವುದನ್ನು ಕಂಡು ಸ್ಪಾಕ್ ಎಲ್ಲ ಬಿಗುಮಾನ ಮರೆತು ಸಂತೋಷದಿಂದ ನಗುತ್ತಾನೆ. ಹೆಂಗಸರು ಈ ಎಳೆಯನ್ನೇ ಹಿಡಿದು ಎಳೆದರು. ಕಥೆ ಮಾಡಿದವರು ಬಿಟ್ಟಿದ್ದ ಬಿರುಕಿನಲ್ಲೇ ತಮ್ಮ ಬೀಜ ಊರಿದರು.

ಹೆಂಗಸರು ಗಂಡಸರಿಬ್ಬರ ಪ್ರೇಮವನ್ನೇಕೆ ಬರೆದರು? ಲೇಖಕಿ ಜೊವಾನಾ ರಸ್ ೧೯೮೫ರಲ್ಲಿ ಇದನ್ನು ಕುರಿತು ಲೇಖನ ಬರೆದಳು. ೧೯೯೨ರಲ್ಲಿ ಹೆನ್ರಿ ಜೆಂಕಿನ್ಸ್, ಕಮಿಲ್ ಬೇಕನ್-ಸ್ಮಿತ್ ಒಂದೊಂದು ಪುಸ್ತಕವನ್ನೇ ಬರೆದರು. ನಮಗೆ ಕಾಣುವ ಒಂದು ಕಾರಣ ಸರಳವಾದದ್ದು. ಅಂದಿನ ಟೀವಿ ಕಥೆಗಳಲ್ಲಿ ಗಂಡು ಹೆಣ್ಣಿನ ಪ್ರೇಮವೆಂದರೆ ಒಬ್ಬ ಆಳುವವನು, ಒಬ್ಬಳು ಒಲಿಸಿಕೊಳ್ಳುವವಳು. ಸರಿಸಮಾನರಿಬ್ಬರ ಪ್ರೀತಿ ಹೇಗಿರುತ್ತದೆ ಎಂದು ಊಹಿಸಲು ಆ ಹೆಂಗಸರಿಗೆ ಸಿಕ್ಕಿದ್ದು ಇಬ್ಬರು ಗಂಡಸರ ಪಾತ್ರಗಳು. ಕಾಮದ ಬಗ್ಗೆ ಹೆಣ್ಣು ತನ್ನದೇ ಮಾತಿನಲ್ಲಿ ಬರೆಯುವುದೂ ಅಲ್ಲಿ ಒಂದು ಬಂಡಾಯವೇ ಆಗಿತ್ತು. ಅವರಲ್ಲಿ ಎಷ್ಟೋ ಮಂದಿ ಸುಳ್ಳು ಹೆಸರಿನಲ್ಲಿ ಬರೆದರು.

ಒಡೆಯರು ಸುಮ್ಮನಿರಲಿಲ್ಲ. ೧೯೭೯ರಲ್ಲಿ ಧಾರಾವಾಹಿಯ ಜನಕ ಜೀನ್ ರಾಡೆನ್‌ಬೆರಿ ಬರೆದ ಕಾದಂಬರಿಯಲ್ಲಿ ಕರ್ಕ್‌ನ ಬಾಯಲ್ಲೇ ಒಂದು ಅಡಿಟಿಪ್ಪಣಿ ಹೇಳಿಸಿದ. ತಾವಿಬ್ಬರೂ ಪ್ರೇಮಿಗಳೆಂಬ ಗಾಳಿಮಾತು ಇದೆ, ಆದರೆ ತನಗೆ ಹೆಂಗಸರೇ ಇಷ್ಟ ಎಂಬುದು ಅದರ ಸಾರಾಂಶ. ಸೈಕ್ಲೋಸ್ಟೈಲ್ ಪತ್ರಿಕೆಯ ಹೆಂಗಸರಿಗೆ ಉತ್ತರ ಕೊಡಲು ಅಚ್ಚಿನ ಪುಸ್ತಕವೇ ಬೇಕಾಯಿತು! ೧೯೮೧ರಲ್ಲಿ 'ಸ್ಟಾರ್ ವಾರ್ಸ್' ಚಿತ್ರಗಳ ಒಡೆತನದ ಕಂಪನಿ, ತನ್ನ ಪಾತ್ರಗಳ ಬಗ್ಗೆ ಲೈಂಗಿಕ ಕಥೆಗಳನ್ನು ಹಾಕಬಾರದೆಂದು ಅಭಿಮಾನಿ ಪತ್ರಿಕೆಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಕಥೆ ಹೊಗಳಿದರೆ ಅಭಿಮಾನಿ, ತಿದ್ದಿದರೆ ಅಪರಾಧಿ.

ಬರವಣಿಗೆಯ ಜೊತೆಗೆ ಆಟವೂ ಬೆಳೆಯುತ್ತಿತ್ತು. ೧೯೭೪ರಲ್ಲೇ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪಾತ್ರ ವಹಿಸಿ ಆಡುವ ಆಟ ಮಾರುಕಟ್ಟೆಗೆ ಬಂತು. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಹಲವರು ಒಟ್ಟಿಗೆ ಕಂಪ್ಯೂಟರಿನಲ್ಲಿ ಅಕ್ಷರಗಳ ಮೂಲಕವೇ ಆಡುವ ಆಟವೊಂದನ್ನು ರೂಪಿಸಿದರು. ಇವೆರಡೂ ದಾರಿಗಳು ಸೇರಿದಾಗ ಅಭಿಮಾನಿಗಳು ತಮಗೆ ಪ್ರಿಯವಾದ ಪಾತ್ರಗಳಾಗಿಯೇ ಊರು ದೇಶ ದಾಟಿ ಒಬ್ಬರಿಗೊಬ್ಬರು ಮಾತಾಡುವಂತಾಯಿತು. ಕಥೆ ಬರೆಯುವವಳು ಒಬ್ಬಳೇ ಕೂತು ಬರೆಯುತ್ತಾಳೆ. ಆಟದಲ್ಲಿ ಹಾಗಲ್ಲ, ಎದುರಿನವನು ಒಪ್ಪಬೇಕು, ಉತ್ತರ ಕೊಡಬೇಕು. ಹಾಗಾಗಿ ಪಾತ್ರದ ಪ್ರೀತಿ ಯಾವುದು ಎಂಬ ಪ್ರಶ್ನೆ ಇಲ್ಲಿ ಪ್ರತಿ ದಿನದ ಪಂಚಾಯ್ತಿಯಾಯಿತು. ಮನೆಯಲ್ಲಿ ಬಾಯಿ ಬಿಡಲಾಗದ ಮಾತನ್ನು ಪಾತ್ರದ ಮುಖವಾಡದಲ್ಲಿ ಮೊದಲ ಸಲ ಆಡಿ ನೋಡುವ ಅವಕಾಶವೂ ಇಲ್ಲೇ ಒದಗಿತು.

೨೦೦೭ರಲ್ಲಿ ಅಭಿಮಾನಿಗಳು, ಬಹುಪಾಲು ಹೆಂಗಸರೇ, ಸೇರಿ ತಮ್ಮದೇ ಲಾಭರಹಿತ ಸಂಸ್ಥೆ ಕಟ್ಟಿದರು. ಕಂಪನಿಗಳ ಜಾಗದಲ್ಲಿ ಬರೆದರೆ ಅವರು ಬೇಕೆಂದಾಗ ಅಳಿಸುತ್ತಾರೆ. ಆದ್ದರಿಂದ ಯಂತ್ರವೂ ನಮ್ಮದೇ ಆಗಬೇಕು ಎಂಬುದು ಅವರ ನಿಲುವು. ೨೦೦೯ರಲ್ಲಿ ಅವರ ಕಥಾಭಂಡಾರ ಎಲ್ಲರಿಗೂ ತೆರೆಯಿತು. ೨೦೧೯ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಸಾಹಿತ್ಯದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಬಂತು. ಅಚ್ಚುಮೊಳೆ ಯಾರ ಕೈಯಲ್ಲಿದೆಯೋ ಕಥೆ ಅವರದು ಎಂಬುದನ್ನು ಸಣ್ಣ ಪತ್ರಿಕೆ ನಡೆಸುವ ನಾವು ಬಲ್ಲೆವು.

ಈಗ ಒಂದು ಕಷ್ಟದ ಪ್ರಕರಣ. ಹಳೆಯ 'ಸ್ಟಾರ್ ಟ್ರೆಕ್'ನಲ್ಲಿ ಸುಲು ಎಂಬ ಪಾತ್ರ ಮಾಡಿದವರು ಜಾರ್ಜ್ ಟಕೇಯಿ. ಜಪಾನಿ ಮೂಲದವರು, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ ತನ್ನದೇ ಪ್ರಜೆಗಳನ್ನು ಕೂಡಿಹಾಕಿದ ಶಿಬಿರಗಳಲ್ಲಿ ಬಾಲ್ಯ ಕಳೆದವರು. ಸ್ವತಃ ಸಲಿಂಗಪ್ರೇಮಿ, ಅದನ್ನು ೨೦೦೫ರಲ್ಲಿ ಬಹಿರಂಗವಾಗಿ ಹೇಳಿದರು. ೨೦೧೬ರ 'ಸ್ಟಾರ್ ಟ್ರೆಕ್ ಬಿಯಾಂಡ್' ಚಿತ್ರದಲ್ಲಿ ಸುಲುಗೆ ಒಬ್ಬ ಗಂಡ, ಒಬ್ಬ ಮಗಳು ಇರುವಂತೆ ತೋರಿಸಿದರು. ಟಕೇಯಿಯವರಿಗೆ ಸಂತೋಷವಾಗಬೇಕಿತ್ತಲ್ಲವೆ? ಅವರು ವಿರೋಧಿಸಿದರು. ರಾಡೆನ್‌ಬೆರಿ ಸೃಷ್ಟಿಸಿದ ಪಾತ್ರವನ್ನು ತಿರುಚಬೇಡಿ, ಬೇಕಾದರೆ ಹೊಸ ಪಾತ್ರ ತನ್ನಿ ಎಂದರು. ಚಿತ್ರಕಥೆ ಬರೆದವರಲ್ಲಿ ಒಬ್ಬನಾದ ಸೈಮನ್ ಪೆಗ್ ಒಪ್ಪಲಿಲ್ಲ. ಹೊಸ ಪಾತ್ರ ತಂದರೆ ಜನ ಅವನನ್ನು ಸಲಿಂಗಪ್ರೇಮಿ ಎಂದಷ್ಟೇ ಗುರುತಿಸುತ್ತಾರೆ. ಈಗಾಗಲೇ ಬಲ್ಲ, ಮೆಚ್ಚಿದ ಪಾತ್ರವಾದರೆ ಮನುಷ್ಯನಾಗಿ ನೋಡುತ್ತಾರೆ ಎಂಬುದು ಅವನ ವಾದದ ತಿರುಳು. ಇಷ್ಟಾಗಿ, ಚಿತ್ರೀಕರಿಸಿದ್ದ ಮುತ್ತಿನ ದೃಶ್ಯವನ್ನು ಕತ್ತರಿಸಲಾಯಿತೆಂದು ಆ ಪಾತ್ರ ಮಾಡಿದ ಜಾನ್ ಚೋ ಹೇಳಿದ್ದಾನೆ!

ಟಕೇಯಿಯವರ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಬ್ಬ ನಟ ತಾನು ದಶಕಗಳ ಕಾಲ ಕಟ್ಟಿದ ಪಾತ್ರದ ಮೇಲೆ ಇಟ್ಟ ಪ್ರೀತಿ ಅದು. ಆದರೂ ಶೂದ್ರ ತಪಸ್ವಿಯನ್ನು ಒಪ್ಪಿದ ನಾವು ಇಲ್ಲಿ ಬೇರೆ ತಕ್ಕಡಿ ಹಿಡಿಯುವುದು ಹೇಗೆ? ಶಂಬೂಕನನ್ನು ಬಿಟ್ಟು ಬೇರೆ ಯಾರೋ ಹೊಸ ತಪಸ್ವಿಯನ್ನು ಕುವೆಂಪು ಸೃಷ್ಟಿಸಿದ್ದರೆ ಆ ನಾಟಕ ಯಾರ ನಿದ್ದೆಯನ್ನೂ ಕೆಡಿಸುತ್ತಿರಲಿಲ್ಲ. ಹಳೆಯ ಪಾತ್ರ ಎಲ್ಲರ ಎದೆಯಲ್ಲಿ ಕೂತಿರುತ್ತದೆ. ಅಲ್ಲಿಗೆ ತಲುಪಬೇಕಾದರೆ ಅದೇ ಪಾತ್ರದ ಮೂಲಕ ಹೋಗಬೇಕು.

ಹಾಗಾದರೆ ಯಾರು ಹೇಗೆ ಬದಲಾಯಿಸಿದರೂ ಸರಿಯೆ? ಅಲ್ಲ. ಇಲ್ಲಿ ಒಂದು ಪ್ರಶ್ನೆ ಸಾಮಾನ್ಯವಾಗಿ ಬರುತ್ತದೆ: "ನಾಯಕನನ್ನು ನೀವು ಸಲಿಂಗಪ್ರೇಮಿ ಮಾಡಬಹುದಾದರೆ, ಸಲಿಂಗಪ್ರೇಮಿ ಪಾತ್ರವನ್ನು ನಾವು ಯಾಕೆ ಸರಿಮಾಡಬಾರದು?" ಈ 'ಸರಿಮಾಡುವ' ಎಂಬ ಪದವನ್ನು ಗಮನಿಸಿ. ಸಾವಿರ ಕಥೆಗಳ ಸಾವಿರ ನಾಯಕರಲ್ಲಿ ಒಬ್ಬ ಗಂಡಸನ್ನು ಪ್ರೀತಿಸಿದರೆ ಉಳಿದ ೯೯೯ ಮಂದಿಗೆ ಏನೂ ಕಡಿಮೆಯಾಗುವುದಿಲ್ಲ. ಆದರೆ ಇದ್ದ ಒಬ್ಬನನ್ನೂ 'ಸರಿಮಾಡಿದರೆ' ಇನ್ನೊಂದು ಕಡೆ ಉಳಿಯುವುದು ಸೊನ್ನೆ. ಜಮೀನ್ದಾರನ ನೂರು ಎಕರೆಯಲ್ಲಿ ಒಂದೆಕರೆ ಬಿಡಿಸಿಕೊಳ್ಳುವುದೂ ಒಂದೆಕರೆಯವನ ಒಂದೆಕರೆ ಕಿತ್ತುಕೊಳ್ಳುವುದೂ ಲೆಕ್ಕದಲ್ಲಿ ಒಂದೇ, ನ್ಯಾಯದಲ್ಲಿ ಒಂದಲ್ಲ. ಬದಲಾವಣೆಯಿಂದ ಯಾರಿಗೆ ಜಾಗವಾಯಿತು, ಯಾರ ಜಾಗ ಹೋಯಿತು ಎಂಬುದೇ ನಮ್ಮ ಅಳತೆಗೋಲು.

ಈ ಅಳತೆಗೋಲನ್ನು ಅಭಿಮಾನಿಗಳ ಮೇಲೂ ಇಡಬೇಕು. ೨೦೧೫ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಫಿನ್ ಎಂಬ ಕರಿಯ ತರುಣ ಮುಖ್ಯ ಪಾತ್ರ. ಜಾನ್ ಬೊಯೇಗಾ ಮಾಡಿದ ಆ ಪಾತ್ರಕ್ಕೂ ಪೋ ಎಂಬ ಗೆಳೆಯನಿಗೂ ಪ್ರೀತಿ ಬೆರೆಸಿ ಬರೆದವರು ಇದ್ದರು. ಆದರೆ ಅದೇ ಚಿತ್ರದ ಇಬ್ಬರು ಬಿಳಿಯ ಖಳನಾಯಕರು, ಒಟ್ಟಿಗೆ ಕಾಣಿಸಿಕೊಳ್ಳುವುದೇ ಅಪರೂಪ. ಅವರ ಪ್ರೇಮವನ್ನು ಕುರಿತು ರಾಶಿ ರಾಶಿ ಕಥೆಗಳು ಹುಟ್ಟಿಕೊಂಡವು. ಕರಿಯ ನಾಯಕ ಪಕ್ಕಕ್ಕೆ ಸರಿದ. ಇದನ್ನು ಎತ್ತಿ ತೋರಿಸಿ ಜಗಳ ಮಾಡಿದವರೂ ಅಭಿಮಾನಿಗಳೇ, ಅದರಲ್ಲೂ ಕರಿಯ ಅಭಿಮಾನಿಗಳು. ಗಂಡು ಗಂಡಿನ ಕಥೆಗಳ ಭರಾಟೆಯಲ್ಲಿ ಹೆಣ್ಣು ಪಾತ್ರಗಳು ಮೂಲೆ ಸೇರಿದವೆಂಬ ದೂರೂ ಹಳೆಯದು. ಪ್ರೀತಿಗೆ ಯಾರು ಅರ್ಹರು ಎಂಬ ಎಣಿಕೆಯಲ್ಲಿ ಬಣ್ಣ, ಜಾತಿ ನುಸುಳಿಬಿಡುತ್ತವೆ. ಒಂದು ಬೇಲಿ ಮುರಿದವರು ಇನ್ನೊಂದು ಬೇಲಿಯೊಳಗೆ ಆರಾಮಾಗಿ ಕೂರಬಹುದು. ಬಂಡಾಯ ಎನ್ನುವವರೆಲ್ಲ ನೆನಪಿಡಬೇಕಾದ ಮಾತಿದು.

ನಮ್ಮ ದೇಶದಲ್ಲಿ ೧೮೬೦ರ ದಂಡಸಂಹಿತೆಯ ೩೭೭ನೇ ಕಲಮು ಈ ಪ್ರೀತಿಯನ್ನು ಅಪರಾಧ ಮಾಡಿಟ್ಟಿತ್ತು. ೨೦೦೯ರಲ್ಲಿ ದೆಹಲಿ ಹೈಕೋರ್ಟು ಅದನ್ನು ಸಡಿಲಿಸಿತು. ೨೦೧೩ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಗಿದಿತು. ೨೦೧೮ರ ಸೆಪ್ಟೆಂಬರ್ ೬ರಂದು ಅದೇ ಕೋರ್ಟು ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಿತು. ೨೦೨೩ರಲ್ಲಿ ಮದುವೆಯ ಹಕ್ಕು ಕೇಳಿದಾಗ ಕೊಡಲಿಲ್ಲ. ಕಾನೂನು ಇಷ್ಟು ಬದಲಾಗಿದೆ. ಊರಿನ ಕಟ್ಟೆಯ ಮೇಲಿನ ಮಾತು, ಶಾಲೆಯ ಜಗಲಿಯ ಮೇಲಿನ ಗೇಲಿ ಇನ್ನೂ ಬದಲಾಗಿಲ್ಲ. ಹಳ್ಳಿಯ ಹೈಸ್ಕೂಲಿನ ಹಿಂದಿನ ಬೆಂಚಿನಲ್ಲಿ ಕೂತ ಹುಡುಗನಿಗೋ ಹುಡುಗಿಗೋ ತನ್ನ ಮನಸ್ಸಿನ ಮಾತಿಗೆ ಕನ್ನಡದಲ್ಲಿ ಸಿಗುವುದು ಬೈಗುಳ ಮಾತ್ರ. ಅವರು ಓದಿದ ಪಾಠದಲ್ಲಿ, ನೋಡಿದ ಸಿನಿಮಾದಲ್ಲಿ ತಮ್ಮಂಥವರು ಇಲ್ಲ. ಇದ್ದರೆ ನಗೆಪಾಟಲಿಗೆ ಅಥವಾ ಸಾಯುವುದಕ್ಕೆ.

ಆದ್ದರಿಂದ ಮೇಷ್ಟ್ರುಗಳಲ್ಲಿ ನಮ್ಮದೊಂದು ಮಾತು. ನಿಮ್ಮ ತರಗತಿಯ ಮಕ್ಕಳು ನಾಟಕ ಕಟ್ಟುವಾಗ, ಕಥೆ ಬರೆಯುವಾಗ, ಯಾರಾದರೂ ಒಂದು ಪಾತ್ರವನ್ನು ನೀವು ಕಲಿಸಿದಂತೆ ಬಿಡದೆ ಬೇರೆ ದಾರಿಗೆ ತಿರುಗಿಸಿದರೆ ಕೆಂಪು ಶಾಯಿ ತೆಗೆಯುವ ಮೊದಲು ಸ್ವಲ್ಪ ತಡೆಯಿರಿ. ಆ ಮಗುವಿನ ಗುಟ್ಟನ್ನು ಕೆದಕಬೇಡಿ, ಎಲ್ಲರೆದುರು ಓದಿ ನಗಿಸಬೇಡಿ. ಕಥೆ ಹೀಗೆ ತಿರುಗಿದ್ದು ಯಾಕೆ, ಮುಂದೇನಾಯಿತು ಎಂದು ಕಥೆಯ ಬಗ್ಗೆ ಮಾತ್ರ ಕೇಳಿ. ವಿದ್ಯಾರ್ಥಿ ಗೆಳೆಯರೇ, ನಿಮಗೂ ಒಂದು ಮಾತು. "ಮೂಲದಲ್ಲಿ ಹೀಗಿಲ್ಲ" ಎಂದು ಯಾರಾದರೂ ಗದರಿಸಿದರೆ ಹೆದರಬೇಡಿ. ಯಾವ ಮೂಲ, ಅದನ್ನು ಅಚ್ಚು ಹಾಕಿಸಿದವರು ಯಾರು, ಹಾಕಿಸುವಾಗ ಏನನ್ನು ಹೊಡೆದುಹಾಕಿದರು ಎಂದು ತಿರುಗಿ ಕೇಳಿ. ಉತ್ತರ ಬರುವವರೆಗೆ ಬರೆಯುತ್ತಲೇ ಇರಿ.